ಹಳೇ ಡೆಸ್ಕ್‌ಟಾಪ್‌ನಲ್ಲಿ ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ವಾ? ಫಾರ್ಮ್ಯಾಟ್‌ಗೆ ಕೈ ಹಾಕುವ ಮುಂಚೆ ಈ ಕ್ರಮದಲ್ಲಿ ನೋಡಿ

"ಕಂಪ್ಯೂಟರ್ ಆನ್ ಆಗುತ್ತೆ, ಆದ್ರೆ ಹಾರ್ಡ್ ಡಿಸ್ಕ್ ತೋರಿಸ್ತಿಲ್ಲ. ಎಂತ ಮಾಡೋದು ಮಾರಾಯ್ರೆ?" ಈ ಫೋನ್ ನನಗೆ ವರ್ಷದಲ್ಲಿ ಎರಡು ಹೊತ್ತಿಗೆ ಜಾಸ್ತಿ ಬರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಮರುದಿನ ಒಮ್ಮೆ. ಪುನರ್ವಸು, ಪುಷ್ಯ ಮಳೆ ಹಿಡಿದು ವಾರಗಟ್ಟಲೆ ಬಿಸಿಲೇ ಕಾಣದ ದಿನಗಳಲ್ಲಿ ಇನ್ನೊಮ್ಮೆ.

ನಾನು ಹೋಗಿ ನೋಡುವ ಹೊತ್ತಿಗೆ ಸಾಮಾನ್ಯವಾಗಿ ಮೂರು ಕೆಲಸ ಆಗಿಬಿಟ್ಟಿರುತ್ತವೆ. ಹತ್ತಾರು ಸಲ ಆಫ್-ಆನ್ ಮಾಡಿರುತ್ತಾರೆ. ವಿಂಡೋಸ್ ಡಿವಿಡಿ ಹಾಕಿ ನೋಡಿರುತ್ತಾರೆ. ನಡುವೆ ಎಲ್ಲೋ ಬಂದ "ಫಾರ್ಮ್ಯಾಟ್ ಮಾಡಲೇ?" ಎಂಬ ಪ್ರಶ್ನೆಗೆ ಹೂಂ ಅಂದಿರುತ್ತಾರೆ. ಆಮೇಲೆ ನೋಡಿದರೆ ಕೆಟ್ಟಿದ್ದು ಒಂದು ಕೇಬಲ್ಲೋ ಒಂದು ಚಿಕ್ಕ ಸೆಲ್ಲೋ ಆಗಿರುತ್ತದೆ. ಡಿಸ್ಕ್ ಚೆನ್ನಾಗಿಯೇ ಇತ್ತು, ಅದರಲ್ಲಿದ್ದ ಫೋಟೊಗಳು ಮಾತ್ರ ಹೋದವು. ಇದನ್ನು ನೋಡಿ ನೋಡಿ ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ.

ತಪ್ಪಾಗುವುದು ಕ್ರಮದಲ್ಲಿ. ಡಿಸ್ಕಿಗೆ ಹೋಗುವ ದಾರಿಯನ್ನು ಮೊದಲು ನೋಡಬೇಕು, ಡಿಸ್ಕನ್ನು ಕೊನೆಗೆ. ದಾರಿ ಅಂದರೆ ಸೆಟ್ಟಿಂಗ್, ಸೆಲ್, ಕೇಬಲ್, ಕರೆಂಟ್. ನಮ್ಮ ಮಲೆನಾಡಿನ ಕಡೆಯ ಥಂಡಿಗೆ ಬೇಗ ಕೆಡುವುದು ಈ ದಾರಿಯೇ. ಹನಿಗಟ್ಟದಷ್ಟು ತೇವದ ಗಾಳಿಯನ್ನು ಹಾರ್ಡ್ ಡಿಸ್ಕ್ ತಡೆದುಕೊಳ್ಳುತ್ತದೆ. ಪಿನ್ನು, ಸಾಕೆಟ್ಟುಗಳು ತಡೆದುಕೊಳ್ಳುವುದಿಲ್ಲ, ಕಿಲುಬು ಹಿಡಿಯುತ್ತವೆ.

ಎರಡು ಮಾತು ಕೊನೆಯ ತನಕ ನೆನಪಿರಲಿ. ಒಳಗಿರುವುದು ಬೇಕು ಅನ್ನುವುದಾದರೆ, ಅದರ ಕಾಪಿ ಆಗುವ ತನಕ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಪೋರ್ಟ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಕಾಟ.

ಮೊದಲು ಜೋಡಿಸಿಟ್ಟುಕೊಳ್ಳಬೇಕಾದ್ದು

ಒಂದು ಸ್ಟಾರ್ ಸ್ಕ್ರೂಡ್ರೈವರ್. ಒಣಗಿದ ಪೇಂಟ್ ಬ್ರಷ್. ಟಾರ್ಚ್. ಹೊಸದೊಂದು ಸಾಟಾ ಕೇಬಲ್ (ಡಿಸ್ಕನ್ನು ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಬೋರ್ಡಿಗೆ, ಜೋಡಿಸುವ ಕೇಬಲ್), ಕಬ್ಬಿಣದ ಚಿಕ್ಕ ಕ್ಲಿಪ್ ಇರುವಂಥದ್ದು. ಸಿಆರ್ 2032 ಎಂಬ ಬಟನ್ ಸೆಲ್ ಒಂದು. ಐಸೋಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಸುಮ್ನೆ ಬಿಡಿ. ಅದರ ಬದಲು ಸ್ಯಾನಿಟೈಸರ್, ಸೀಮೆಎಣ್ಣೆ, ಸೆಂಟು ಇವನ್ನೆಲ್ಲ ಹಚ್ಚಬೇಡಿ.

ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಹಗುರ. ಪಂಪ್‌ಸೆಟ್ ಇರುವ ಮನೆಯಲ್ಲಿ ಅದು ಹೇಗೂ ಇರುತ್ತದೆ, ಅಲ್ವಾ? ಕಾಪಿ ಮಾಡಲು ಇನ್ನೊಂದು ಡಿಸ್ಕ್ ಬೇಕು, ಹಳೆಯದಕ್ಕಿಂತ ದೊಡ್ಡದು. ಇದನ್ನು ಈಗಲೇ ತಂದಿಟ್ಟುಕೊಳ್ಳಿ. ಹಳೇ ಡಿಸ್ಕ್ ಒಂದು ಗಂಟೆ ಮಾತ್ರ ಜೀವ ಬಂದು ಕೂತಾಗ ಪೇಟೆಗೆ ಓಡಲು ಆಗುವುದಿಲ್ಲ.

ಒಂದು ಕಾಗದ, ಪೆನ್ನು. ಫೋನಿನಲ್ಲಿ ಕ್ಯಾಮೆರಾ. ಯಾವುದನ್ನು ಬಿಚ್ಚುವ ಮುಂಚೆಯೂ ಅದರದ್ದೊಂದು ಫೋಟೊ ತೆಗೆಯಿರಿ.

ಹಂತ 1: ಬಿಚ್ಚುವ ಮುಂಚೆ ಕಿವಿಗೊಟ್ಟು ಕೇಳಿ

ಹೊರಗೆ ಸಿಕ್ಕಿಸಿದ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಡ್ರೈವ್‌ನಲ್ಲಿರುವ ಡಿವಿಡಿ ಎಲ್ಲ ತೆಗೆಯಿರಿ. ಹಿಂದುಗಡೆ ಮರೆತುಹೋದ ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಏಳಲು ನೋಡಿ, ಆಗದೆ, "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅನ್ನುವುದು ತೀರಾ ಮಾಮೂಲಿ.

ಈಗ ಒಂದೇ ಸಲ ಆನ್ ಮಾಡಿ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಏನೂ ಕೇಳಿಸುವುದಿಲ್ಲ. ಆಗ ಒಂದು ಮರದ ಪೆನ್ಸಿಲ್ ತೆಗೆದುಕೊಳ್ಳಿ. ಡಿಸ್ಕ್ ಕೂತಿರುವ ಕಡೆ ಕ್ಯಾಬಿನೆಟ್ಟಿಗೆ ಒಂದು ತುದಿ, ಕಿವಿಯ ಹತ್ತಿರದ ಎಲುಬಿಗೆ ಇನ್ನೊಂದು ತುದಿ ಒತ್ತಿ ಹಿಡಿಯಿರಿ. ಚೆನ್ನಾಗಿ ಕೇಳುತ್ತದೆ.

ಝುಂ ಅಂತ ಏರುತ್ತಾ ಹೋಗಿ ಒಂದೇ ಸಮಕ್ಕೆ ನಿಂತು, ಒಂದೆರಡು ಸಲ ಮೆತ್ತಗೆ ಚಿಟಿಕೆ ಹೊಡೆದಂತೆ ಕೇಳಿಸಿದರೆ ಡಿಸ್ಕ್ ತಿರುಗುತ್ತಿದೆ. ಮುಂದಿನ ಹಂತಕ್ಕೆ ಹೋಗಿ. ಏನೂ ಸದ್ದಿಲ್ಲದಿದ್ದರೂ ಹೆದರಬೇಡಿ, ಅದಕ್ಕೆ ಕರೆಂಟೇ ಹೋಗದಿರಬಹುದು.

ನಿಲ್ಲಿಸಬೇಕಾದ ಸದ್ದುಗಳು ಬೇರೆ. ಟಕ್, ಟಕ್, ಟಕ್ ಅಂತ ಒಂದೇ ತಾಳದಲ್ಲಿ ಬಡಿದು ಸ್ವಲ್ಪ ಹೊತ್ತಿಗೆ ತಿರುಗುವುದೇ ನಿಂತರೆ, ಒಳಗಿನ ಹೆಡ್ (ಮಾಹಿತಿ ಓದುವ ತುದಿ) ತನ್ನ ಜಾಗ ಹುಡುಕಲಾಗದೆ ಹೊಡೆದುಕೊಳ್ಳುತ್ತಿದೆ. ಡಿಸ್ಕಿನಿಂದಲೇ ಸಣ್ಣಗೆ ಬೀಪ್ ಬೀಪ್ ಬಂದರೆ, ಮೋಟರ್ ತಿರುಗಲು ಯತ್ನಿಸಿ ಸೋಲುತ್ತಿದೆ. ಕರಕರ ಅಂತ ಉಜ್ಜಿದ ಸದ್ದು ಬಂದರೆ ಇನ್ನೂ ಕೆಟ್ಟದು. ಈ ಮೂರರಲ್ಲಿ ಯಾವುದೇ ಕೇಳಿದರೂ ಆಗಲೇ ಆಫ್ ಮಾಡಿ. ಒಳಗಿನದ್ದು ಬೇಕೇ ಬೇಕು ಅಂದರೆ ಮತ್ತೆ ಆನ್ ಮಾಡಬೇಡಿ, ನೇರ ಹಂತ 8ರ ಕೊನೆಯ ಭಾಗ ಓದಿ.

ಇನ್ನೊಂದು ಗುರುತಿದೆ. ಥಂಡಿ ಬೆಳಿಗ್ಗೆ ಮೊದಲ ಸಲಕ್ಕೆ ಡಿಸ್ಕ್ ಕಾಣಿಸುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ರೀಸ್ಟಾರ್ಟ್ ಮಾಡಿದರೆ ಕಾಣಿಸುತ್ತದೆ. ಹೀಗಾದರೆ ಡಿಸ್ಕ್ ಪೂರ್ತಿ ವೇಗಕ್ಕೆ ಬರುವ ಮುಂಚೆಯೇ ಬಯೋಸ್ (ಆನ್ ಆದ ಕೂಡಲೇ ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡಿನೊಳಗಿನ ಪ್ರೋಗ್ರಾಂ) ನೋಡಿ ಮುಂದೆ ಹೋಗುತ್ತಿದೆ ಅಂತ ಅರ್ಥ. ಡಿಸ್ಕಿನ ಮೋಟರ್ ಸೋತಿರಬಹುದು, ಇಲ್ಲವೇ ಎಸ್‌ಎಂಪಿಎಸ್, ಅಂದರೆ ಒಳಗಿನ ಎಲ್ಲದಕ್ಕೂ ಕರೆಂಟ್ ಕೊಡುವ ಪೆಟ್ಟಿಗೆ, ಸೋತಿರಬಹುದು. "ಎರಡನೇ ಸಲಕ್ಕೆ ಬರುತ್ತಲ್ಲ, ನಡೀತದೆ" ಅಂತ ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಕಾಣಿಸಿದ ಅದೇ ಹೊತ್ತಿನಲ್ಲಿ ಕಾಪಿ ಮಾಡಿಕೊಳ್ಳಿ.

ಹಂತ 2: ಬಯೋಸ್‌ನಲ್ಲಿ ಹೆಸರಿದೆಯಾ ನೋಡಿ

ಇಡೀ ಕೆಲಸ ಎರಡು ದಾರಿ ಹಿಡಿಯುವುದು ಇಲ್ಲೇ. ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಅಥವಾ ಎಫ್2 ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಕೆಲವು ಬ್ರ್ಯಾಂಡೆಡ್ ಸಿಸ್ಟಮ್‌ಗಳಲ್ಲಿ ಎಫ್10. ವೈರ್‌ಲೆಸ್ ಕೀಬೋರ್ಡ್ ಈ ಹೊತ್ತಿನಲ್ಲಿ ಕೆಲಸ ಮಾಡದೇ ಇರಬಹುದು. ವೈರ್ ಇರುವುದನ್ನೇ ಹಾಕಿ. ಹಿಂದುಗಡೆ ದುಂಡಗಿನ ನೇರಳೆ ಸಾಕೆಟ್ ಇದ್ದು, ಅದಕ್ಕೆ ಹೊಂದುವ ಹಳೇ ಕೀಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಮೊದಲ ಪರದೆಯಲ್ಲೋ "ಸ್ಟೋರೇಜ್" ಎಂಬಲ್ಲೋ ಡಿಸ್ಕಿನ ಹೆಸರು ಇರಬೇಕು. ಮೂರು ರೀತಿ ಆಗಬಹುದು.

ಹೆಸರು, ಅಳತೆ ಎರಡೂ ಸರಿಯಾಗಿವೆ. ಹಾಗಾದರೆ ಡಿಸ್ಕ್ ಕಾಣಿಸುತ್ತಿದೆ, ಕಂಪ್ಯೂಟರ್ ಅದರಿಂದ ಏಳುತ್ತಿಲ್ಲ ಅಷ್ಟೇ. ಕೇಬಲ್ ಎಳೆಯಬೇಡಿ, ಹಂತ 3ಕ್ಕೆ ಹೋಗಿ.

ಹೆಸರಿನ ಜಾಗದಲ್ಲಿ "ನಾಟ್ ಡಿಟೆಕ್ಟೆಡ್" ಅಥವಾ "ನನ್" (None, ಏನೂ ಇಲ್ಲ) ಅಂತ ಇದೆ. ಆಗಲೂ ಹಂತ 3 ಒಮ್ಮೆ ನೋಡಿ, ಆಮೇಲೆ 4ರಿಂದ ಮುಂದೆ ಹೋಗಿ.

ಹೆಸರು ಇದೆ, ಆದರೆ ಅಕ್ಷರಗಳು ಕಲಸಿಹೋಗಿವೆ ಅಥವಾ ಅಳತೆ ಸೊನ್ನೆ ಅಂತ ಇದೆ. ಇದು ಎಚ್ಚರದ ಗುರುತು. ಡೇಟಾ ಕೇಬಲ್ ಕೆಟ್ಟರೂ ಹೀಗಾಗುತ್ತದೆ, ಡಿಸ್ಕಿನೊಳಗಿನ ಫರ್ಮ್‌ವೇರ್ (ಅದನ್ನು ನಡೆಸುವ ಪ್ರೋಗ್ರಾಂ) ಕೆಟ್ಟರೂ ಹೀಗಾಗುತ್ತದೆ. ಕೇಬಲ್ ಬದಲಿಸಿ ಒಂದೇ ಒಂದು ಸಲ ನೋಡಿ. ಹಾಗೇ ಇದ್ದರೆ ನಿಲ್ಲಿಸಿ. 2008-09ರ ಹೊತ್ತಿಗೆ ಬಂದ ಸೀಗೇಟ್ ಬಾರಕುಡಾ 7200.11 ಡಿಸ್ಕುಗಳಲ್ಲಿ ಕೆಲವು ಫರ್ಮ್‌ವೇರ್ ತೊಂದರೆಯಿಂದ ಹೀಗೇ ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದವು. ಒಳಗಿನ ಮಾಹಿತಿ ಹಾಗೇ ಇರುತ್ತಿತ್ತು. ಲೇಬಲ್ ಮೇಲೆ ಆ ಹೆಸರಿದ್ದರೆ ರಿಕವರಿ ಮಾಡುವವರಿಗೆ ಮೊದಲೇ ಹೇಳಿ, ಅವರಿಗೆ ಇದು ಗೊತ್ತಿರುವ ಕಾಯಿಲೆ.

ಹಂತ 3: ಸೆಲ್ ಮತ್ತು ಸೆಟ್ಟಿಂಗ್

ಬಯೋಸ್‌ನಲ್ಲಿರುವಾಗಲೇ ತಾರೀಕು ನೋಡಿ. ಹತ್ತು ಹದಿನೈದು ವರ್ಷ ಹಿಂದಿನ ಜನವರಿ 1 ಅಂತ ತೋರಿಸುತ್ತಿದೆಯಾ? ಹಾಗಾದರೆ ಮದರ್‌ಬೋರ್ಡಿನ ಮೇಲಿರುವ ಬಟನ್ ಸೆಲ್ ಮುಗಿದಿದೆ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ. ಮೀಟರಿನಲ್ಲಿ 2.7ಕ್ಕಿಂತ ಕಡಿಮೆ ಬಂದರೆ ಬದಲಿಸಿಬಿಡಿ.

ಒಂದು ಸೆಲ್ಲಿಗೂ ಹಾರ್ಡ್ ಡಿಸ್ಕಿಗೂ ಎಂತ ಸಂಬಂಧ ಅಂತ ಕೇಳುತ್ತಾರೆ. ನಿಮ್ಮ ಬಯೋಸ್ ಸೆಟ್ಟಿಂಗುಗಳು ಕರೆಂಟ್ ಇಲ್ಲದ ಹೊತ್ತಿನಲ್ಲಿ ಉಳಿಯುವುದು ಆ ಸೆಲ್ಲಿನ ಬಲದಿಂದ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಮಲಗುವ ಮನೆಗಳಲ್ಲಿ, ದಿನಗಟ್ಟಲೆ ಕರೆಂಟ್ ಇಲ್ಲದ ಮಳೆಗಾಲದಲ್ಲಿ, ಸೆಲ್ ಸೋತ ಕೂಡಲೇ ಎಲ್ಲ ಸೆಟ್ಟಿಂಗೂ ಕಾರ್ಖಾನೆಯಿಂದ ಬಂದ ದಿನದ ಹಾಗೆ ಆಗಿಬಿಡುತ್ತವೆ. ಆಗ ಎರಡು ತೊಂದರೆ.

ಒಂದು, ಬೂಟ್ ಆರ್ಡರ್, ಅಂದರೆ ಕಂಪ್ಯೂಟರ್ ಯಾವುದರಿಂದ ಮೊದಲು ಏಳಬೇಕು ಎಂಬ ಪಟ್ಟಿ, ಬದಲಾಗುತ್ತದೆ. ಹಾರ್ಡ್ ಡಿಸ್ಕನ್ನು ಮತ್ತೆ ಮೊದಲ ಜಾಗಕ್ಕೆ ತನ್ನಿ. ಎರಡು ಡಿಸ್ಕ್ ಇದ್ದರೆ ಯಾವುದರಲ್ಲಿ ವಿಂಡೋಸ್ ಇದೆಯೋ ಅದು ಮೇಲಿರಬೇಕು. ಕೆಲವು ಬಯೋಸ್‌ಗಳಲ್ಲಿ ಇದಕ್ಕೆ "ಹಾರ್ಡ್ ಡಿಸ್ಕ್ ಪ್ರಯಾರಿಟಿ" ಅಂತ ಬೇರೆಯೇ ಪಟ್ಟಿ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ.

ಇನ್ನೊಂದು, ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಬದಲಾಗುತ್ತದೆ. ವಿಂಡೋಸ್ ಹಾಕುವಾಗ ಎಎಚ್‌ಸಿಐ ಇದ್ದದ್ದು ಈಗ ಐಡಿಇ ಆಗಿರುತ್ತದೆ, ಅಥವಾ ಉಲ್ಟಾ. ಗುರುತು ಹೀಗಿದೆ: ವಿಂಡೋಸ್ ಲೋಗೊ ಬರುತ್ತದೆ, ಕ್ಷಣಮಾತ್ರ ನೀಲಿ ಪರದೆ, ಮತ್ತೆ ಮೊದಲಿನಿಂದ ಶುರು. ಹಳೇ ವಿಂಡೋಸ್‌ನ ನೀಲಿ ಪರದೆಯಲ್ಲಿ 7ಬಿ ಎಂದು ಮುಗಿಯುವ ಸಂಖ್ಯೆ ಇರುತ್ತದೆ. ಈಗಿರುವ ಮೋಡ್‌ನ ಫೋಟೊ ತೆಗೆದುಕೊಂಡು ಇನ್ನೊಂದಕ್ಕೆ ಬದಲಿಸಿ ನೋಡಿ. ವಿಂಡೋಸ್ ಎದ್ದರೆ ಮುಗಿಯಿತು. ಇಲ್ಲದಿದ್ದರೆ ಮೊದಲಿದ್ದದ್ದಕ್ಕೇ ತಂದಿಡಿ. ಇದೊಂದು ಸಾಲು ಬದಲಿಸಿದ್ದರೆ ಸರಿಹೋಗುತ್ತಿದ್ದ ಎಷ್ಟೋ ಕಂಪ್ಯೂಟರುಗಳಿಗೆ ಹೊಸದಾಗಿ ವಿಂಡೋಸ್ ಹಾಕಿ, ಡೆಸ್ಕ್‌ಟಾಪಿನಲ್ಲೂ ಮೈ ಡಾಕ್ಯುಮೆಂಟ್ಸ್‌ನಲ್ಲೂ ಇದ್ದದ್ದನ್ನು ಅಳಿಸಿದ್ದಾರೆ.

ಸೆಕೆಂಡ್ ಹ್ಯಾಂಡ್ ತಂದ ಆಫೀಸ್ ಡೆಸ್ಕ್‌ಟಾಪ್ ಆಗಿದ್ದರೆ ಇನ್ನೊಂದು ಕಡೆ ನೋಡಿ. ಅವುಗಳಲ್ಲಿ ಕೆಲವಕ್ಕೆ ಪ್ರತಿ ಸಾಟಾ ಪೋರ್ಟಿಗೂ ಬೇರೆ ಬೇರೆ ಎನೇಬಲ್, ಡಿಸೇಬಲ್ ಇರುತ್ತದೆ. ಡಿಸೇಬಲ್ ಆದ ಪೋರ್ಟಿಗೆ ಎಂಥ ಒಳ್ಳೇ ಡಿಸ್ಕ್ ಹಾಕಿದರೂ ಕಾಣಿಸದು.

ಹಂತ 4: ಕ್ಯಾಬಿನೆಟ್ ಬಿಚ್ಚುವ ಕ್ರಮ

ಸ್ವಿಚ್ ಆಫ್ ಮಾಡಿದರೆ ಸಾಲದು, ಪವರ್ ಕಾರ್ಡನ್ನೇ ಕೀಳಿ. ಯುಪಿಎಸ್, ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಆದರೂ ಕಂಪ್ಯೂಟರಿಗೆ ಕರೆಂಟ್ ಬರುತ್ತಿರುತ್ತದೆ. ಕಿತ್ತ ಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ.

ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತಾ? ಅರ್ಥಿಂಗ್ ಇಲ್ಲ ಅನ್ನುವುದರ ಗುರುತು ಅದು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವ ಕಡೆ ಇದು ಸಾಮಾನ್ಯ. ಡಿಸ್ಕಿನ ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ. ಮನುಷ್ಯರಿಗೂ ಒಳ್ಳೆಯದಲ್ಲ, ಸಿಡಿಲಿನ ಕಾಲದಲ್ಲಿ ಯಂತ್ರಕ್ಕೂ ಅಲ್ಲ.

ಬಾಗಿಲು ತೆಗೆದ ಮೇಲೆ ಒಂದೆರಡು ನಿಮಿಷ ಏನನ್ನೂ ಮುಟ್ಟದೆ ಟಾರ್ಚ್ ಹಾಕಿ ನೋಡಿ. ಬೂಷ್ಟು ಬಂದಿದೆಯಾ? ಇರುವೆ ಗೂಡು ಕಟ್ಟಿದೆಯಾ? ಕಾವಿರುವ ಜಾಗ ಅಂತ ಮಳೆಗಾಲದಲ್ಲಿ ಇರುವೆ ಮೊಟ್ಟೆ ಸಮೇತ ಬಂದು ಸೇರುತ್ತದೆ. ಹಲ್ಲಿ ಹಿಕ್ಕೆ ಪೋರ್ಟಿನ ಮೇಲೆ ಬಿದ್ದಿದೆಯಾ? ಇಲಿ ವೈರ್ ಕಡಿದಿದೆಯಾ? ಮದರ್‌ಬೋರ್ಡಿನ ಮೇಲೆ ಡಬ್ಬಿಯ ಹಾಗೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ಡಿಸ್ಕನ್ನು ಈ ಬೋರ್ಡಿನಲ್ಲಿ ಪರೀಕ್ಷಿಸುವುದು ಬೇಡ. ನೇರ ಹಂತ 7.

ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಒಳಗೆ ತೇವ ಕಂಡರೆ ಬಾಗಿಲು ತೆಗೆದಿಟ್ಟು, ಫ್ಯಾನ್ ಗಾಳಿಗೆ ಒಂದು ಇಡೀ ದಿನ ಬಿಡಿ. ಬಚ್ಚಲೊಲೆಯ ಹತ್ತಿರ, ಅಡಿಕೆ ಒಣಗಿಸುವ ಹೊಗೆ ಅಟ್ಟದಲ್ಲಿ ಇಡಬೇಡಿ. ಹೊಗೆಯ ಜಿಡ್ಡು ಪಿನ್ನಿಗೆ ಹತ್ತುತ್ತದೆ. ಹೇರ್ ಡ್ರೈಯರ್ ಬಿಸಿ ಗಾಳಿಯೂ ಬೇಡ.

ಡಿಸ್ಕಿನ ಮೇಲೆ ಒಂದು ಚಿಕ್ಕ ರಂಧ್ರ ಇರುತ್ತದೆ, ಪಕ್ಕದಲ್ಲಿ ಮುಚ್ಚಬೇಡಿ ಎಂಬ ಸೂಚನೆ. ಡಿಸ್ಕ್ ಉಸಿರಾಡುವುದು ಅಲ್ಲಿಂದಲೇ. ಅದಕ್ಕೆ ಆಲ್ಕೋಹಾಲ್ ತಾಗಿಸಬೇಡಿ, ಟೇಪ್ ಅಂಟಿಸಬೇಡಿ.

ಹಂತ 5: ಎರಡು ಕೇಬಲ್, ಎರಡೂ ಮುಖ್ಯ

ಜನ ಡೇಟಾ ಕೇಬಲ್ ಬದಲಿಸುತ್ತಾರೆ, ಕರೆಂಟಿನ ಕೇಬಲ್ ಮುಟ್ಟುವುದೇ ಇಲ್ಲ. ಸಾಟಾ ಡಿಸ್ಕಿನಲ್ಲಿ ಎರಡು ಬಾಯಿ ಇವೆ. 7 ಪಿನ್ನಿನ ಚಿಕ್ಕದು ಡೇಟಾಕ್ಕೆ, 15 ಪಿನ್ನಿನ ಉದ್ದದ್ದು ಕರೆಂಟಿಗೆ.

ಡೇಟಾ ಕೇಬಲನ್ನು ಎರಡೂ ತುದಿಯಲ್ಲಿ ಬಿಡಿಸಿ, ನೇರವಾಗಿ ಎಳೆಯಿರಿ. ಅಡ್ಡಕ್ಕೆ ಅಲ್ಲಾಡಿಸಿದರೆ ಡಿಸ್ಕಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಅದು ಮುರಿದರೆ ಕೆಲಸ ದೊಡ್ಡದಾಗುತ್ತದೆ. ಹಳೇ ಕೇಬಲ್ಲುಗಳಿಗೆ ಕ್ಲಿಪ್ ಇರುವುದಿಲ್ಲ. ಫ್ಯಾನಿನ ಅದುರಾಟಕ್ಕೆ ವರ್ಷಗಳಲ್ಲಿ ಕೂದಲೆಳೆಯಷ್ಟು ಹೊರಗೆ ಬಂದಿರುತ್ತವೆ, ಕಣ್ಣಿಗೆ ಸರಿಯಾಗೇ ಕಾಣುತ್ತವೆ. ಹೊಸ ಕೇಬಲ್ ಹಾಕಿ ಟಿಕ್ ಅನ್ನುವ ತನಕ ಒತ್ತಿ.

ಈಗ ಕರೆಂಟಿನ ಕೇಬಲ್. ಹೊಸನಗರದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಅಡಿಕೆ ಲೆಕ್ಕ, ಮಗಳ ಮದುವೆಯ ಫೋಟೊ ಎಲ್ಲ ಅದೇ ಡಿಸ್ಕಿನಲ್ಲಿ. ಮುಂಚೆ ನೋಡಿದವರು "ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ" ಅಂದಿದ್ದರು. ಡಿಸ್ಕಿಗೆ ಕರೆಂಟ್ ಹೋಗುತ್ತಿದ್ದದ್ದು ಒಂದು ಕನ್ವರ್ಟರ್ ವೈರಿನಿಂದ. ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಬಿಳಿ ಕನೆಕ್ಟರನ್ನು ಸಾಟಾಕ್ಕೆ ಬದಲಿಸುವಂಥದ್ದು. ಬಿಚ್ಚಿ ಬೆಳಕಿಗೆ ಹಿಡಿದರೆ ಹಳದಿ ವೈರ್ ಇರುವ ಮೂಲೆಯ ಬಿಳಿ ಪ್ಲಾಸ್ಟಿಕ್ಕು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಸಿದರೆ ಸುಟ್ಟ ವಾಸನೆ. ಸ್ವಲ್ಪ ಎಳೆದದ್ದಕ್ಕೆ ಪಿನ್ನು ವೈರಿನ ಜೊತೆಗೇ ಈಚೆ ಬಂತು. ಆ ಕನ್ವರ್ಟರ್ ಎಸೆದು, ಎಸ್‌ಎಂಪಿಎಸ್‌ನಲ್ಲೇ ಇದ್ದ ಇನ್ನೊಂದು ಸಾಟಾ ಪವರ್ ತುದಿ ಹಾಕಿದೆ. ಡಿಸ್ಕ್ ಝುಂ ಅಂತ ಎದ್ದಿತು. ಮನೆಯ ಅಜ್ಜ ಬಾಗಿ ನೋಡಿ, "ಇಷ್ಟೇಯಾ?" ಅಂದರು. ಇಷ್ಟೇ ಆಗಿತ್ತು.

ಹಾಗಾಗಿ ಕನ್ವರ್ಟರ್ ಇದ್ದರೆ ಮೊದಲು ಅದನ್ನೇ ಅನುಮಾನಿಸಿ. ವೈರನ್ನು ಪ್ಲಾಸ್ಟಿಕ್ಕಿನೊಳಗೆ ಅಚ್ಚು ಹಾಕಿದ ಅಗ್ಗದ ಕನ್ವರ್ಟರುಗಳು ಒಳಗೇ ಶಾರ್ಟ್ ಆಗಿ ಬೆಂಕಿ ಹಿಡಿದದ್ದೂ ಉಂಟು. ಸಾಧ್ಯವಾದಷ್ಟೂ ಬಳಸಬೇಡಿ.

ಅಗಲದ ರಿಬ್ಬನ್ ಕೇಬಲ್ಲಿನ ಐಡಿಇ ಡಿಸ್ಕ್ (ಸಾಟಾಕ್ಕಿಂತ ಹಳೇ ನಮೂನೆ) ಆಗಿದ್ದರೆ ಲೆಕ್ಕ ಬೇರೆ. ಕೆಂಪು ಗೆರೆ ಇರುವ ಅಂಚು 1ನೇ ಪಿನ್ನಿನ ಕಡೆ ಬರಬೇಕು. ಸಾಮಾನ್ಯವಾಗಿ ಅದು ಕರೆಂಟ್ ಕನೆಕ್ಟರಿನ ಪಕ್ಕ. ಸಣ್ಣ ಎಳೆಯ 80 ವೈರಿನ ಕೇಬಲ್ಲಿನಲ್ಲಿ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್‌ಗೆ (ಮೊದಲನೆಯದಕ್ಕೆ), ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ (ಎರಡನೆಯದಕ್ಕೆ). ಒಂದೇ ಕೇಬಲ್ಲಿನಲ್ಲಿ ಡಿವಿಡಿ ಡ್ರೈವೂ ಇದ್ದು ಎರಡಕ್ಕೂ ಜಂಪರ್ (ಹಿಂದಿನ ಪಿನ್ನುಗಳಿಗೆ ಸಿಕ್ಕಿಸುವ ಚಿಕ್ಕ ಟೋಪಿ) ಮಾಸ್ಟರ್ ಅಂತಲೇ ಇದ್ದರೆ ಎರಡೂ ಕಾಣಿಸದೇ ಹೋಗಬಹುದು. ಡಿವಿಡಿಯನ್ನು ಬಿಚ್ಚಿ, ಡಿಸ್ಕ್ ಒಂದನ್ನೇ ಮಾಸ್ಟರ್ ಮಾಡಿ ಕಪ್ಪು ತುದಿಗೆ ಹಾಕಿ ನೋಡಿ. ಜಂಪರಿನ ಚಿತ್ರ ಡಿಸ್ಕಿನ ಲೇಬಲ್ ಮೇಲೆಯೇ ಇರುತ್ತದೆ.

ಹಂತ 6: ಪೋರ್ಟ್ ಬದಲಿಸಿ, ವೋಲ್ಟೇಜ್ ಅಳೆಯಿರಿ

ಅದೇ ಹೊಸ ಕೇಬಲನ್ನು ಮದರ್‌ಬೋರ್ಡಿನ ಬೇರೆ ಸಾಟಾ ಪೋರ್ಟಿಗೆ ಹಾಕಿ. ಡಿವಿಡಿ ಡ್ರೈವ್ ಕಾಣಿಸುತ್ತಿದ್ದರೆ ಅದರ ಪೋರ್ಟನ್ನೇ ಡಿಸ್ಕಿಗೆ ಕೊಡಿ. ಕೆಲಸ ಮಾಡುತ್ತಿದೆ ಅಂತ ಗೊತ್ತಿರುವ ಪೋರ್ಟು ಅದು.

2011ರ ಶುರುವಿನ ಬೋರ್ಡಾಗಿದ್ದರೆ ಇದು ಇನ್ನೂ ಮುಖ್ಯ. ಇಂಟೆಲ್‌ನ 6 ಸೀರೀಸ್ ಚಿಪ್‌ಸೆಟ್ಟಿನ (ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್) ಮೊದಲ ಬ್ಯಾಚಿನಲ್ಲಿ ಒಂದು ದೋಷ ಇತ್ತು. 2ರಿಂದ 5ರ ತನಕದ ಸಾಟಾ ಪೋರ್ಟುಗಳು ಕಾಲಕ್ರಮೇಣ ಸೋಲಬಹುದು ಅಂತ ಇಂಟೆಲ್ ಕಂಪನಿಯೇ ಆ ವರ್ಷದ ಜನವರಿ 31ರಂದು ಹೇಳಿ, ಸರಿಪಡಿಸಿದ ಚಿಪ್ ತಂದಿತು. 0 ಮತ್ತು 1ನೇ ಪೋರ್ಟುಗಳಿಗೆ ಆ ದೋಷ ಇರಲಿಲ್ಲ. ಅಂಥ ಬೋರ್ಡಿದ್ದರೆ ಡಿಸ್ಕನ್ನು ಆ ಎರಡರಲ್ಲೊಂದಕ್ಕೆ ಹಾಕಿಡಿ.

ತಿರುಗಾಮುರುಗಾ ಇನ್ನೊಂದು: ತುಂಬಾ ಹಳೇ ಬೋರ್ಡಿಗೆ ಹೊಸ ಡಿಸ್ಕ್ ತಂದು ಹಾಕಿದಾಗ ಕಾಣಿಸದಿರುವುದು. ಮೊದಲ ತಲೆಮಾರಿನ ಸಾಟಾ ಇರುವ ಕೆಲವು ವಿಐಎ ಚಿಪ್‌ಸೆಟ್ ಬೋರ್ಡುಗಳು ವೇಗದ ಡಿಸ್ಕಿನ ಜೊತೆ ಮಾತಾಡುವುದಿಲ್ಲ. ಡಿಸ್ಕಿನ ಹಿಂದೆ ಜಂಪರ್ ಪಿನ್ ಇದ್ದರೆ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಿ ನೋಡಿ.

ವೋಲ್ಟೇಜ್ ಅಳೆಯುವುದು ಡಿಸ್ಕ್ ಹಾಕಿಕೊಂಡೇ, ಕಂಪ್ಯೂಟರ್ ಆನ್ ಇದ್ದಾಗ. ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರ್ ಹಿಡಿಯಿರಿ. ಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ. ಕೆಂಪು ಕಡ್ಡಿ ಮೊದಲು ಹಳದಿ ವೈರಿಗೆ, ಅಲ್ಲಿ 11.4ರಿಂದ 12.6 ವೋಲ್ಟ್ ಬರಬೇಕು. ಆಮೇಲೆ ಕೆಂಪು ವೈರಿಗೆ, ಅಲ್ಲಿ 4.75ರಿಂದ 5.25. ಡೆಸ್ಕ್‌ಟಾಪ್ ಡಿಸ್ಕಿನ ಮೋಟರ್ ತಿರುಗುವುದು 12 ವೋಲ್ಟಿನಲ್ಲಿ, ಅದರ ಸರ್ಕ್ಯೂಟ್ ನಡೆಯುವುದು 5 ವೋಲ್ಟಿನಲ್ಲಿ. ಹಾಗಾಗಿ ತಿರುಗುತ್ತಿದ್ದರೂ ಕಾಣಿಸದಿರಬಹುದು. ಅಂಕಿ ಇದರಾಚೆ ಇದ್ದರೆ ಎಸ್‌ಎಂಪಿಎಸ್ ಬದಲಿಸಿ. ಅದನ್ನು ಬಿಚ್ಚಿ ರಿಪೇರಿಗೆ ಕೂರಬೇಡಿ. ಕಾರ್ಡ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟ್ ನಿಂತಿರುತ್ತದೆ.

ಸಿಡಿಲಿನ ಮರುದಿನ ನೋಡಬೇಕಾದ ಗುರುತೊಂದಿದೆ. ಡಿಸ್ಕ್ ಸಿಕ್ಕಿಸಿದರೆ ಕಂಪ್ಯೂಟರ್ ಆನ್ ಆಗುವುದೇ ಇಲ್ಲ, ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ. ಡಿಸ್ಕ್ ಬಿಚ್ಚಿದರೆ ಆನ್ ಆಗುತ್ತದೆ. ಡಿಸ್ಕಿನ ಸರ್ಕ್ಯೂಟ್ ಬೋರ್ಡಿನ ಮೇಲಿರುವ ರಕ್ಷಣೆಯ ಡಯೋಡ್ ತಾನು ಸತ್ತು ಉಳಿದದ್ದನ್ನು ಕಾಪಾಡಿರುವ ಸಾಧ್ಯತೆ ಇದೆ. ಮಾಹಿತಿ ಉಳಿದಿರುವ ಸಂಭವ ಜಾಸ್ತಿ. ಗೊತ್ತಿರುವವರ ಹತ್ತಿರ ಕೊಡಿ. ಇನ್ನೊಂದು ಡಿಸ್ಕಿನ ಬೋರ್ಡ್ ತೆಗೆದು ಇದಕ್ಕೆ ಕೂರಿಸುವ ಉಪಾಯ ಈಗಿನ ಡಿಸ್ಕುಗಳಲ್ಲಿ ನಡೆಯುವುದಿಲ್ಲ. ಪ್ರತಿ ಡಿಸ್ಕಿಗೂ ಬೇರೆ ಬೇರೆಯಾಗಿ ಹೊಂದಿಸಿಟ್ಟ ಅಂಕಿಗಳು ಅದರದ್ದೇ ಬೋರ್ಡಿನ ಚಿಪ್ಪಿನಲ್ಲಿರುತ್ತವೆ.

ಹಂತ 7: ಬೇರೆ ಕಂಪ್ಯೂಟರಿನಲ್ಲಿ ನೋಡಿ

ಇಷ್ಟಾದರೂ ಕಾಣಿಸದಿದ್ದರೆ ಡಿಸ್ಕ್ ತೆಗೆದು ಬೇರೆ ಡೆಸ್ಕ್‌ಟಾಪಿಗೆ ಹಾಕಿ. ಅಲ್ಲೂ ಕಾಣದಿದ್ದರೆ ಡಿಸ್ಕಿನದೇ ದೋಷ. ಅಲ್ಲಿ ಕಂಡರೆ ನಿಮ್ಮ ಬೋರ್ಡಿನದು.

ಯುಎಸ್‌ಬಿ ಅಡಾಪ್ಟರಿನಿಂದ ಲ್ಯಾಪ್‌ಟಾಪಿಗೆ ಹಾಕುವುದಾದರೆ ಬೇರೆ 12 ವೋಲ್ಟ್ ಚಾರ್ಜರ್ ಜೊತೆಗೆ ಬರುವ ಅಡಾಪ್ಟರೇ ಬೇಕು. ಬರೀ ಯುಎಸ್‌ಬಿಯ 5 ವೋಲ್ಟಿಗೆ ದೊಡ್ಡ ಡಿಸ್ಕ್ ತಿರುಗದು. ಲ್ಯಾಪ್‌ಟಾಪ್ ಡಿಸ್ಕಿಗಾಗಿ ಮಾಡಿದ ಅಡಾಪ್ಟರ್ ತಂದು, ತಿರುಗದ್ದನ್ನು ನೋಡಿ ಡಿಸ್ಕ್ ಹೋಗಿದೆ ಅಂದುಕೊಂಡವರು ಬೇಕಷ್ಟು ಜನ.

ವಿಂಡೋಸ್‌ನಲ್ಲಿ ಈಗ ಬರುವ ಪ್ರಶ್ನೆಗಳಿಗೆ ಉತ್ತರ ಒಂದೇ, ಕ್ಯಾನ್ಸಲ್. "ಫಾರ್ಮ್ಯಾಟ್ ಮಾಡಬೇಕು" ಅಂದರೆ ಕ್ಯಾನ್ಸಲ್. "ಇನಿಶಿಯಲೈಸ್ ಡಿಸ್ಕ್" ಅಂದರೆ ಕ್ಯಾನ್ಸಲ್. "ಸ್ಕ್ಯಾನ್ ಅಂಡ್ ಫಿಕ್ಸ್" ಅಂದರೂ ಕ್ಯಾನ್ಸಲ್, ಅದು ಸೋತ ಡಿಸ್ಕಿನ ಮೇಲೆ ಬರೆಯಲು ಹೋಗುತ್ತದೆ. ಮೈ ಕಂಪ್ಯೂಟರ್‌ನಲ್ಲಿ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಪಾರ್ಟಿಷನ್ (ಡಿಸ್ಕಿನ ಭಾಗ) ಇದ್ದು ಡಿ, ಇ ಥರದ ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ಒಂದು ಅಕ್ಷರ ಕೊಟ್ಟರೆ ಸಾಕು.

ಹಂತ 8: ಕಾಣಿಸಿದ ಕೂಡಲೇ ಕಾಪಿ

ಹಾರ್ಡ್ ಡಿಸ್ಕ್ ಕಂಡಿತು ಅಂತ ವಿಂಡೋಸ್ ಅಪ್‌ಡೇಟ್ ಮಾಡಲು ಕೂರಬೇಡಿ. ಉಬುಂಟು ಅಥವಾ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳು) ಇರುವ ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸುವುದು ನನಗೆ ಹಿಡಿಸಿದ ದಾರಿ. ರ‍್ಯಾಮ್ ಕಡಿಮೆ ಇದ್ದರೆ ಪಪ್ಪಿ ಲಿನಕ್ಸ್. ಇನ್‌ಸ್ಟಾಲ್ ಎಂಬುದನ್ನು ಮುಟ್ಟದೆ "ಟ್ರೈ" ಎಂಬುದನ್ನು ಆರಿಸಿ. ಆಗ ಹಳೇ ಡಿಸ್ಕಿನ ಮೇಲೆ ವಿಂಡೋಸ್ ತನ್ನ ಪಾಡಿಗೆ ಬರೆಯುವುದೆಲ್ಲ ತಪ್ಪುತ್ತದೆ.

ಮೊದಲು ಡಿಸ್ಕಿನ ಆರೋಗ್ಯ ನೋಡಿ. ಉಬುಂಟುವಿನ ಡಿಸ್ಕ್ಸ್ ಅಪ್ಲಿಕೇಶನ್ನಿನಲ್ಲಿ ಸ್ಮಾರ್ಟ್ ಅಂಕಿಗಳು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ಸಿಗುತ್ತವೆ. ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ (ಅದರಲ್ಲಿ 197, 198, 199 ಎಂಬವು C5, C6, C7 ಅಂತ ಇರುತ್ತವೆ). 5, 197, 198 ಈ ಮೂರು ಸಾಲುಗಳಲ್ಲಿ ಮೂಲ ಅಂಕಿ ಸೊನ್ನೆ ಇದ್ದರೆ ಒಳ್ಳೆಯದು. 197ರಲ್ಲಿ ಅಂಕಿ ಇದ್ದು ದಿನದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈಯೇ ಹೋಗುತ್ತಿದೆ. ಬರೀ 199 ಮಾತ್ರ ಏರಿದ್ದರೆ ಅದು ಹೆಚ್ಚಾಗಿ ಕೇಬಲ್ಲಿನ ದೋಷ, ಡಿಸ್ಕನ್ನು ಎಸೆಯಬೇಡಿ.

ಕಾಪಿ ಮಾಡುವಾಗ ಅಳಿದರೆ ಮತ್ತೆ ಸಿಗದ್ದು ಮೊದಲು. ಫೋಟೊ, ಪಹಣಿ ಮತ್ತು ಕ್ರಯಪತ್ರದ ಸ್ಕ್ಯಾನ್, ಲೆಕ್ಕ. ಸಿನಿಮಾ, ಹಾಡು ಕೊನೆಗೆ. ಟ್ಯಾಲಿ ಬಳಸುತ್ತಿದ್ದರೆ ಅದರ ಡೇಟಾ ಫೋಲ್ಡರ್ ಹೆಚ್ಚಾಗಿ ಮೈ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಟ್ಯಾಲಿ ಫೋಲ್ಡರಿನ ಒಳಗೇ ಹುಡುಕಿ. ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿ. ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟಿದೆ ಅಂತ ಅಳಿಸಿಬಿಟ್ಟವರನ್ನು ಕಂಡಿದ್ದೇನೆ. ಅದು ಕೆಟ್ಟಿರುವುದಿಲ್ಲ.

ಕಾಪಿ ನಡುನಡುವೆ ನಿಂತು ನಿಂತು ಹೋಗುತ್ತಿದ್ದರೆ ಒಂದೊಂದೇ ಫೈಲ್ ಎಳೆಯುವುದನ್ನು ನಿಲ್ಲಿಸಿ. ಲಿನಕ್ಸಿನ ಡಿಡಿ ರೆಸ್ಕ್ಯೂ (ddrescue) ಎಂಬ ಪ್ರೋಗ್ರಾಂ ಬಳಸಿ ಇಡೀ ಡಿಸ್ಕನ್ನು ಹೊಸದಕ್ಕೆ ಇಳಿಸಿಕೊಳ್ಳಿ. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ಓದುತ್ತದೆ, ಕೆಟ್ಟ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯ ತನಕ ಓದಿದ್ದೇನೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಬಿಟ್ಟಲ್ಲಿಂದಲೇ ಶುರುಮಾಡಬಹುದು. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಮ್ಯಾಪ್ ಫೈಲನ್ನು ಮೂರನೆಯದೊಂದು ಪೆನ್ ಡ್ರೈವಿನಲ್ಲಿ ಇಡಿ, ಪೆನ್ ಡ್ರೈವಿನಿಂದ ಎದ್ದ ಲಿನಕ್ಸಿನಲ್ಲೇ ಇಟ್ಟರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ. ಹಳೇ ಡಿಸ್ಕ್ ಮೊದಲು, ಹೊಸ ಡಿಸ್ಕ್ ಎರಡನೆಯದು, ಇದು ಬರೆಯುವ ಕ್ರಮ. ಉಲ್ಟಾ ಆದರೆ ಖಾಲಿ ಡಿಸ್ಕ್ ಹಳೆಯದರ ಮೇಲೆ ಬರೆದುಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಎರಡರ ಸೀರಿಯಲ್ ನಂಬರನ್ನೂ ಲೇಬಲ್ ಜೊತೆ ತಾಳೆ ನೋಡಿ.

ಹಂತ 1ರ ಕೆಟ್ಟ ಸದ್ದುಗಳು ಕೇಳಿದ್ದರೆ ಇದ್ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಡಿಸ್ಕ್ ಬಿಚ್ಚಿ ನೋಡಬೇಡಿ, ಒಂದು ಕಣ ಧೂಳು ಸಾಕು ಒಳಗಿನ ತಟ್ಟೆ ಗೀರಲು. ಬಡಿಯಬೇಡಿ. ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ ಅಂತ ಯಾರೋ ಹೇಳುತ್ತಾರೆ. ನಮ್ಮ ತೇವದ ಗಾಳಿಯಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದರೆ ಒಳಗೂ ಹೊರಗೂ ಹನಿಗಟ್ಟುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟು, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿಯವರಿಗೆ ತಲುಪಿಸಿ. ಖರ್ಚು ಎಷ್ಟು, ಸಿಗದಿದ್ದರೆ ಎಷ್ಟು ಕೊಡಬೇಕು ಎಂಬ ಎರಡನ್ನೂ ಕೊಡುವ ಮುಂಚೆಯೇ ಬರೆಸಿಕೊಳ್ಳಿ.

ಹಂತ 9: ಮತ್ತೆ ಜೋಡಿಸುವಾಗ

ಕಾಪಿ ಸರಿಯಾಗಿ ಆಗಿದೆಯಾ ಅಂತ ಬೇರೆ ಕಂಪ್ಯೂಟರಿನಲ್ಲಿ ಹತ್ತಿಪ್ಪತ್ತು ಫೈಲ್ ತೆರೆದು ನೋಡಿ. ಫೋಟೊ ಹೆಸರು ಕಂಡರೆ ಸಾಲದು, ಚಿತ್ರ ಪೂರ್ತಿ ಬರಬೇಕು. ಕೆಳಗಿನ ಅರ್ಧ ಬೂದು ಬಣ್ಣ ಇದ್ದರೆ ಆ ಫೈಲ್ ಅರ್ಧವೇ ಬಂದಿದೆ.

ಸ್ಮಾರ್ಟ್ ಅಂಕಿ ಕೆಟ್ಟಿದ್ದರೆ ಆ ಡಿಸ್ಕನ್ನು ಮತ್ತೆ ಬಳಸಬೇಡಿ. ಹೊಸದು ಹಾಕುವಾಗ ಹಳೇ ಬಯೋಸ್‌ನ ಕಂಪ್ಯೂಟರಿಗೆ 2 ಟೆರಾಬೈಟಿಗಿಂತ ದೊಡ್ಡದು ಬೇಡ, ಅದರಿಂದ ವಿಂಡೋಸ್ ಏಳಿಸುವುದು ಕಷ್ಟ. ಸಾಟಾ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಚೆನ್ನ, ಅದರಲ್ಲಿ ತಿರುಗುವ ಮೋಟರೇ ಇಲ್ಲ.

ಕ್ಯಾಬಿನೆಟ್ಟನ್ನು ನೆಲದಿಂದ ಒಂದು ಗೇಣು ಮೇಲಿಡಿ, ಹೊರಗೋಡೆಗೆ ತಾಗಿಸಬೇಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಕಾವಿಗೇ ಥಂಡಿ ಆರುತ್ತದೆ. ಗುಡುಗು ಶುರುವಾದರೆ ಪವರ್ ಕಾರ್ಡಿನ ಜೊತೆ ಮಾಡೆಮ್‌ನಿಂದ ಬರುವ ವೈರನ್ನೂ ಕೀಳಿ.

ಹಳೇ ಡಿಸ್ಕನ್ನು ಆಗಲೇ ಗುಜರಿಗೆ ಹಾಕಬೇಡಿ. ಮೇಲೆ ತಾರೀಕು ಬರೆದು, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿ, ಒಂದು ಮಳೆಗಾಲ ಕಳೆಯುವ ತನಕ ಕಪಾಟಿನಲ್ಲಿಡಿ. ಕಾಪಿ ಮಾಡಲು ಮರೆತ ಒಂದು ಫೋಲ್ಡರಿನ ನೆನಪು ಮನೆಯಲ್ಲಿ ಯಾರಿಗಾದರೂ ಆಗುವುದು ತಿಂಗಳುಗಳ ಮೇಲೆಯೇ.